ನಡಾವಳಿಯಲ್ಲಿಲ್ಲದ ಮಧ್ಯಾಹ್ನ

ಯಮನೂರ ಕೆಟ್ಟ ಮನುಷ್ಯನಲ್ಲ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ಅವನನ್ನು ಬೈಯುವಾಗ ನನಗೆ ಅಡ್ಡ ಬರಲು ಆಗುವುದಿಲ್ಲ. ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಲೇತ್ ಮೇಲೆ ನಿಂತವನು. ಅವನು ತಿರುವಿದ ಶಾಫ್ಟು ರಿಜೆಕ್ಟಾಗಿ ವಾಪಸು ಬಂದದ್ದು ಅಪರೂಪ. ಕುಡಿತವಿಲ್ಲ, ಎಲೆಯಡಿಕೆ ಕೂಡ ಇಲ್ಲ. ರೋಣದ ಕಡೆಯಿಂದ ಬಂದವನು ಇಲ್ಲಿ ದೀಕ್ಷಾಸ್ನಾನ ಪಡೆದು ಕ್ರೈಸ್ತನಾದಾಗ, ಹೆಸರು ಬದಲಿಸೋಣವೇ ಎಂದು ಸಭಾಪಾಲಕರು ಕೇಳಿದ್ದಕ್ಕೆ, "ಬ್ಯಾಡ್ರಿ ಅಯ್ಯನವರ, ರೇಷನ್ ಕಾರ್ಡಿನ್ಯಾಗ, ಪಿಎಫ್‌ನ್ಯಾಗ ಎಲ್ಲಾ ಕಡೆ ಯಮನೂರ ಅಂತನ ಐತಿ. ದೇವರಿಗೆ ಗೊತ್ತಾಗತೈತಿ ಬಿಡ್ರಿ" ಎಂದಿದ್ದನಂತೆ. ಕಾಗದದಲ್ಲಿ ಇರುವುದೇ ನಿಜ ಎಂಬ ನಂಬಿಕೆ ಅವನಿಗೆ ಆಗಿನಿಂದಲೂ ಇತ್ತು.

ರಾಜಗೋಪಾಲನಗರದಲ್ಲಿ ಪೌಡರ್ ಕೋಟಿಂಗ್ ಶೆಡ್ಡೊಂದರ ಮೇಲಿನ ಮಹಡಿಯಲ್ಲಿ ಅವನ ಪ್ರೆಸ್ಬಿಟೇರಿಯನ್ ಸಭೆ ಸೇರುತ್ತದೆ. ಅರವತ್ತು ಕುಟುಂಬ, ಎಲ್ಲರೂ ಫ್ಯಾಕ್ಟರಿಯವರು. ಈ ಪಂಗಡದಲ್ಲಿ ಬಿಷಪ್ಪರಿಲ್ಲ. ಒಬ್ಬ ಸಭಾಪಾಲಕರು, ಜನ ಆರಿಸಿದ ಹಿರಿಯರು, ಇವರು ಒಟ್ಟಿಗೆ ಕೂತರೆ ಅದಕ್ಕೆ ಸೆಷನ್ ಎಂದು ಹೆಸರು. ಯಾರನ್ನು ಸಭೆಗೆ ಸೇರಿಸಿಕೊಳ್ಳಬೇಕು, ರೊಟ್ಟಿ ದ್ರಾಕ್ಷಾರಸ ಹಂಚುವ ಕರ್ತನ ಭೋಜನದಿಂದ ಯಾರನ್ನು ದೂರ ಇಡಬೇಕು, ಯಾರನ್ನು ಮತ್ತೆ ಕರೆದುಕೊಳ್ಳಬೇಕು, ಎಲ್ಲ ಸೆಷನ್ನಿನ ಕೈಯಲ್ಲಿ. ಪಾಲಕರು ಒಬ್ಬರೇ ಏನೂ ಮಾಡುವ ಹಾಗಿಲ್ಲ. ಜೊತೆಗೆ ಇಬ್ಬರು ಹಿರಿಯರಾದರೂ ಇರಬೇಕು, ಇಲ್ಲದಿದ್ದರೆ ಕೋರಂ ಇಲ್ಲ, ಕೋರಂ ಇಲ್ಲದಿದ್ದರೆ ಸೆಷನ್ನೇ ಇಲ್ಲ. ನಡೆದದ್ದೆಲ್ಲ ನಡಾವಳಿ ಪುಸ್ತಕಕ್ಕೆ ಏರಬೇಕು, ಏರಿದ್ದನ್ನು ಅಳಿಸುವ ಹಾಗಿಲ್ಲ. ವರ್ಷಕ್ಕೊಮ್ಮೆ ಆ ಪುಸ್ತಕ ಮೇಲಿನ ಮಂಡಳಿಯಾದ ಪ್ರೆಸ್ಬಿಟರಿಗೆ ಹೋಗಿ, "ಪರಿಶೀಲಿಸಿದೆ, ದೋಷವಿಲ್ಲ" ಎಂದು ಸಹಿ ಹಾಕಿಸಿಕೊಂಡು ಬರುತ್ತದೆ.

ಆ ಪುಸ್ತಕ ಬರೆಯುವವನು ಯಮನೂರ. ಇಪ್ಪತ್ತೊಂದು ವರ್ಷ ಬರೆದ, ಇಪ್ಪತ್ತೊಂದು ಸಲ "ದೋಷವಿಲ್ಲ" ಬಂತು. ಅಬ್ಬಾ, ಅದರ ಹೆಮ್ಮೆ ಏನು ಕೇಳುತ್ತೀರಿ! ಮನೆಗೆ ಬಂದವರಿಗೆ ಚಹಾಕ್ಕಿಂತ ಮೊದಲು ಆ ಸಹಿ ತೋರಿಸುತ್ತಿದ್ದ. ಹೆಂಡತಿ ಶಶಿಕಲಾ, "ಮದವಿ ಫೋಟೋನಾದ್ರೂ ಒಮ್ಮೆ ತೋರಸ್ರಿ" ಎಂದು ಕುಟುಕುತ್ತಿದ್ದಳು.

ಹೋದ ವರ್ಷ ಪ್ರೆಸ್ಬಿಟರಿಯವರು ವಿದ್ಯಾರ್ಥಿಗಳಿಗೆ ಒಂದು ಪ್ರಬಂಧ ಬಹುಮಾನ ಇಟ್ಟರು. ತಮ್ಮ ತಮ್ಮ ಸಭೆಯ ಚರಿತ್ರೆಯನ್ನು ಬರೆಯಬೇಕು. ಗೆದ್ದದ್ದನ್ನು ಸ್ಮರಣ ಸಂಚಿಕೆಯಲ್ಲಿ ಅಚ್ಚು ಹಾಕಿಸುತ್ತಾರೆ, ವಾರ್ಷಿಕೋತ್ಸವದ ದಿನ ಬರೆದವರೇ ಓದಬೇಕು. ಷರತ್ತು ಒಂದೇ: ಹೇಳಿದ ಪ್ರತಿಯೊಂದು ಸಂಗತಿಯೂ ನಡಾವಳಿಯಲ್ಲಿ ಇರಬೇಕು, ಇದೆ ಎಂದು ಪುಸ್ತಕ ಬರೆಯುವ ಹಿರಿಯ ಪುಟಪುಟಕ್ಕೂ ಸಹಿ ಹಾಕಬೇಕು. ಕಂಡದ್ದು ಕೇಳಿದ್ದು ನಡೆಯುವುದಿಲ್ಲ.

ಯಮನೂರನ ಸಭೆಯಿಂದ ಹೆಸರು ಕೊಟ್ಟವಳು ಒಬ್ಬಳೇ, ಭಾಗ್ಯಶ್ರೀ. ಹತ್ತೊಂಬತ್ತರ ಹುಡುಗಿ, ಬಿ.ಎ. ಎರಡನೇ ವರ್ಷ. ಅಜ್ಜಿ ರುಕ್ಮವ್ವನ ಜೊತೆ ಒಂದು ರೂಮಿನ ಮನೆಯಲ್ಲಿ ಬೆಳೆದವಳು. ರುಕ್ಮವ್ವ ಫ್ಯಾಕ್ಟರಿಯಿಂದ ಮೂಟೆಗಟ್ಟಲೆ ರಬ್ಬರ್ ವಾಷರ್ ತಂದು, ಬಾಗಿಲಲ್ಲಿ ಕೂತು, ಅವುಗಳ ಸುತ್ತಲಿನ ಹೆಚ್ಚುವರಿ ರಬ್ಬರನ್ನು ಕತ್ತರಿಯಿಂದ ಕತ್ತರಿಸುವ ಕೆಲಸ ಮಾಡುತ್ತಾಳೆ. ಬೆರಳುಗಳೆಲ್ಲ ಕಪ್ಪು. ಓದು ಬರುವುದಿಲ್ಲ. ಮೊಮ್ಮಗಳು ಓದುತ್ತಾಳಲ್ಲ, ಸಾಕು ಎನ್ನುತ್ತಾಳೆ.

ಭಾಗ್ಯಶ್ರೀಯ ಹೆಸರು ಕೇಳಿದ್ದೇ ಯಮನೂರ ಅಂಜಿದ. ಯಾಕೆಂದರೆ ಆ ಪುಸ್ತಕದಲ್ಲಿ ಅವಳ ತಾಯಿ ಸವಿತಾ ಇದ್ದಳು.

ಸವಿತಾ ಗಾರ್ಮೆಂಟ್ಸಿನಲ್ಲಿ ಟೈಲರ್. ಇಪ್ಪತ್ತಮೂರರ ವಯಸ್ಸಿಗೆ ಮದುವೆಯಿಲ್ಲದೆ ಬಸುರಾದಳು. ಗಂಡಸು ಅಲ್ಲಿನ ಮೆಕ್ಯಾನಿಕ್ಕು, ಊರಿಗೆ ಹೋಗಿ ಬರುತ್ತೇನೆಂದವನು ಫೋನು ಕೂಡ ಎತ್ತಲಿಲ್ಲ. ಸೆಷನ್ ಅವಳನ್ನು ಕರೆಸಿತು. ಆಗಿನ ಪಾಲಕರು ಸಮುವೇಲಯ್ಯನವರು, ಮೆತ್ತಗಿನ ಮನುಷ್ಯ. ಹಿರಿಯರು ಇಬ್ಬರೇ, ಯಮನೂರ ಮತ್ತು ಇರಣ್ಣ. ಇರಣ್ಣ ಕ್ವಾಲಿಟಿ ಇನ್‌ಸ್ಪೆಕ್ಟರು, ಫ್ಯಾಕ್ಟರಿಯಲ್ಲೂ ಅಷ್ಟೇ, ಸಭೆಯಲ್ಲೂ ಅಷ್ಟೇ. "ಆದದ್ದೆಲ್ಲಾ ತಪ್ಪು ಅಂತ ಒಪ್ಪಕೋವಾ, ಮುಗೀತು" ಎಂದ. ಸವಿತಾ, "ನಾ ಮಾಡಿದ್ದು ತಪ್ಪ ಅಂತೀನ್ರಿ. ಆದ್ರ ಆದದ್ದೆಲ್ಲಾ ಅಂದ್ರ ಅದರಾಗ ಕೂಸೂ ಬಂತಲ್ರಿ. ಕೂಸನ್ನ ತಪ್ಪ ಅನ್ನಾಕ ನನಗ ಬರೂದಿಲ್ಲ" ಎಂದಳು. ಅಷ್ಟಕ್ಕೇ ಮೊಂಡುತನವೆಂದು ಭೋಜನದಿಂದ ದೂರ ಇಟ್ಟರು. ಬರೆದವನು ಯಮನೂರ: "ಸದರಿ ಸವಿತಾ ಪಶ್ಚಾತ್ತಾಪ ತೋರದ ಕಾರಣ ಕರ್ತನ ಮೇಜಿನಿಂದ ದೂರ ಇಡಲಾಯಿತು." ಅಕ್ಷರ ಮುತ್ತಿನಂತಿತ್ತು.

ಭಾಗ್ಯಶ್ರೀ ಭಾನುವಾರದ ಆರಾಧನೆ ಮುಗಿದ ಮೇಲೆ ಯಮನೂರನ ಮನೆಗೆ ಬಂದು ಪುಸ್ತಕ ಓದತೊಡಗಿದಳು. ಟಿಪ್ಪಣಿ ಮಾಡಿಕೊಳ್ಳುವಳು, ನಗುವಳು. "ಕಾಕಾ, ಒಂದು ಫ್ಯಾನ್ ತಗೋಳೋಕೆ ಮೂರು ಮೀಟಿಂಗ್ ಮಾಡಿದ್ದೀರಲ್ಲ!" ಯಮನೂರ ಎದುರಿಗೆ ಕೂತು ಪುಟ ಎಣಿಸುತ್ತಿದ್ದ. ಮೂರನೆಯ ಭಾನುವಾರ ಆ ಪುಟ ಬಂತು. ಹುಡುಗಿ ಓದಿದಳು, ಮತ್ತೊಮ್ಮೆ ಓದಿದಳು. ಅಳಲಿಲ್ಲ. ಅತ್ತಿದ್ದರೆ ಅವನಿಗೆ ಸಲೀಸಾಗುತ್ತಿತ್ತು.

"ಇದು ನನಗೆ ಗೊತ್ತಿತ್ತು ಕಾಕಾ. ಅಜ್ಜಿ ಎಲ್ಲಾ ಹೇಳಿದ್ದಾಳೆ" ಎಂದಳು. "ಇದನ್ನೂ ಬರೀತೀನಿ. ನಮ್ಮಮ್ಮನ್ನ ಬಿಟ್ಟು ಚರಿತ್ರೆ ಬರೆಯೋಕಾಗಲ್ಲ. ಆದ್ರೆ ವಾಪಸ್ ಸೇರಿಸ್ಕೊಂಡಿದ್ದು ಯಾವ ಪುಟದಲ್ಲಿದೆ? ಆಸ್ಪತ್ರೆಗೆ ನೀವೂ ಹಳೇ ಅಯ್ಯನವರೂ ಬಂದು ಅಮ್ಮಂಗೆ ರೊಟ್ಟಿ, ದ್ರಾಕ್ಷಾರಸ ಕೊಟ್ರಂತಲ್ಲ. ಅಜ್ಜಿ ದಿನಾ ಅದನ್ನೇ ಹೇಳಿ ಪ್ರಾರ್ಥನೆ ಮಾಡೋದು."

ಯಮನೂರ ಕನ್ನಡಕ ತೆಗೆದು ಒರೆಸತೊಡಗಿದ.

ಬಂದದ್ದು ನಿಜ. ಎರಡು ಸಾವಿರದ ಒಂಬತ್ತನೆಯ ಇಸವಿಯ ಒಂದು ಮಧ್ಯಾಹ್ನ. ಸವಿತಾ ಟಿಬಿ ವಾರ್ಡಿನಲ್ಲಿದ್ದಳು, ಮೂಳೆ ಚಕ್ಕಳ. ರುಕ್ಮವ್ವ ಅಯ್ಯನವರ ಕಾಲು ಹಿಡಿದಿದ್ದಳು, ಮಗಳನ್ನು ಹೊರಗಿಟ್ಟೇ ಕಳಿಸಬೇಡಿ ಎಂದು. ಸೆಷನ್ ಅಲ್ಲಿಯೇ ಸೇರಬೇಕೆಂದಾಯಿತು. ಅಯ್ಯನವರು ಹೊರಟರು, ಯಮನೂರ ಅರ್ಧ ದಿನ ರಜೆ ಹಾಕಿ ಹೊರಟ, ಇರಣ್ಣನಿಗೆ ಮಾತ್ರ ಫ್ಯಾಕ್ಟರಿಯಲ್ಲಿ ಗೇಟ್ ಪಾಸ್ ಸಿಗಲಿಲ್ಲ. ವಾರ್ಡಿನಲ್ಲಿ ಸವಿತಾ ಬಿಟ್ಟು ಬಿಟ್ಟು ಹೇಳಿದಳು, "ತಪ್ಪೆಲ್ಲಾ ನಂದ್ರಿ, ಕೂಸಿಂದಲ್ಲ. ನನ್ನ ಒಳಗ ಕರಕೋರಿ." ಅಯ್ಯನವರು ಅತ್ತುಬಿಟ್ಟರು. ಕೋರಂ ಇಲ್ಲವೆಂದು ಯಮನೂರ ಪಿಸುಗುಟ್ಟಿದ. "ಇರಲಿ ಬಾರೋ" ಎಂದರು ಅಯ್ಯನವರು. ರೊಟ್ಟಿಗೆಂದು ಆಸ್ಪತ್ರೆ ಗೇಟಿನ ಬೇಕರಿಯಿಂದ ಬನ್ನು ತಂದವನು ಯಮನೂರನೇ, ಮುರಿದು ಅವಳ ತುಟಿಗಿಟ್ಟವನೂ ಅವನೇ. ಹೊರಗೆ ಬಂದ ಮೇಲೆ ಅಯ್ಯನವರು, "ಈಗಲೇ ಬರೀಬೇಡ. ಭಾನುವಾರ ಇರಣ್ಣನ ಮುಂದೆ ಇಟ್ಟು, ಮೂವರೂ ಒಪ್ಪಿ ಬರೆಯೋಣ" ಎಂದರು.

ಭಾನುವಾರ ಸೆಷನ್ ಸೇರಿತು. ಮೂವರೂ ಇದ್ದರು, ಕೋರಂ ಇತ್ತು, ಸವಿತಾ ಇನ್ನೂ ಬದುಕಿದ್ದಳು. ಸೋರುವ ಶೀಟು ಬದಲಿಸುವ ಬಗ್ಗೆ ಮುಕ್ಕಾಲು ಗಂಟೆ ಮಾತಾಯಿತು. ಅಯ್ಯನವರು ಯಮನೂರನ ಮುಖ ನೋಡಿದರು. ಇರಣ್ಣ ಎಗರಿಬಿದ್ದಾನೆಂಬ ಅಂಜಿಕೆ ಅವರಿಗೆ. ಯಮನೂರನಿಗೆ ಬೇರೆಯದೇ ಅಂಜಿಕೆ. ಇರಣ್ಣ ತಕರಾರು ತೆಗೆದರೆ ಅದನ್ನೂ ಬರೆಯಬೇಕು, ಬರೆದರೆ ಆ ವರ್ಷ ಪ್ರೆಸ್ಬಿಟರಿಯವರು "ದೋಷವಿದೆ" ಎಂದು ಹಾಕುತ್ತಾರೆ, ತನ್ನ ಪುಸ್ತಕಕ್ಕೆ! ಅವನು ತಲೆ ತಗ್ಗಿಸಿ ಶೀಟಿನ ಅಳತೆ ಬರೆದುಕೊಂಡ. ಇನ್ನೊಂದು ವಾರ ಇದೆಯಲ್ಲ ಎಂದುಕೊಂಡ. ಸವಿತಾ ಬುಧವಾರ ತೀರಿಕೊಂಡಳು. ಸಮುವೇಲಯ್ಯನವರು ಮರುವರ್ಷ ಹೋದರು. ಆಮೇಲೆ ಆ ಮಧ್ಯಾಹ್ನವನ್ನು ಕಣ್ಣಾರೆ ಕಂಡವರು ಇಬ್ಬರೇ ಉಳಿದರು, ಓದಲು ಬಾರದ ರುಕ್ಮವ್ವ ಮತ್ತು ಬರೆಯದ ಯಮನೂರ.

ಈಗ ಹುಡುಗಿ ಪೆನ್ನು ಹಿಡಿದು ಕಾಯುತ್ತಿದ್ದಳು.

"ಪುಸ್ತಕದಾಗ ಅದು ಇಲ್ಲವ್ವಾ" ಎಂದ ಯಮನೂರ.

"ಪುಸ್ತಕದಲ್ಲಿ ಇಲ್ಲ ಅಂತ ನನಗೂ ಕಾಣ್ತಿದೆ. ನೀವು ಬಂದಿದ್ರೋ ಇಲ್ವೋ ಹೇಳಿ ಕಾಕಾ."

"ಆಸ್ಪತ್ರಿಗೆ ಬಂದಿದ್ವಿ. ಪ್ರಾರ್ಥನಾ ಮಾಡಿದ್ವಿ." ಅಷ್ಟು ಹೇಳಿ ನೀರು ಕುಡಿದ. "ಮುದುಕರಿಗೆ ಏನೇನೋ ನೆನಪಾಗ್ತಿರತೈತಿ ಭಾಗ್ಯಾ. ಪುಸ್ತಕದಾಗ ಇಲ್ಲದ್ದಕ್ಕ ನಾ ಸಹಿ ಹಾಕಾಕ ಬರೂದಿಲ್ಲ."

ಮುದುಕಿಯ ತಲೆಗೆ ಕಟ್ಟಿದ! ತನ್ನ ಕೈಯಾರೆ ಕೊಟ್ಟ ರೊಟ್ಟಿಯನ್ನು ಒಬ್ಬ ತಾಯಿಯ ಮರುಳು ಎಂದುಬಿಟ್ಟ. ಹುಡುಗಿ ನಂಬಿದಳು. ನಂಬದೆ ಏನು ಮಾಡಿಯಾಳು, ಚಿಕ್ಕಂದಿನಿಂದ ಕಂಡ ಕಾಕಾ. ಪ್ರಬಂಧ ಬರೆದು ತಂದಾಗ ಅವನು ಪುಟಪುಟಕ್ಕೂ ಸಹಿ ಹಾಕಿದ.

ಪ್ರಬಂಧಕ್ಕೆ ಮೊದಲ ಬಹುಮಾನ ಬಂತು. ಸುಮ್ಮನೆ ಬರಲಿಲ್ಲ, ಹುಡುಗಿ ಚೆನ್ನಾಗಿಯೇ ಬರೆದಿದ್ದಳು. ಶಿಫ್ಟಿನ ಜನ ಭಾನುವಾರದ ಓಟಿ ಬಿಟ್ಟು ಸಭೆ ಕಟ್ಟಿದ್ದು, ಪಕ್ಕದ ಪ್ರೆಸ್ಸಿನ ಸದ್ದಿಗೆ ಹಾಡು ಏರಿಸಿ ಹಾಡಿದ್ದು, ಎಲ್ಲವೂ ಇತ್ತು. ವಾರ್ಷಿಕೋತ್ಸವದ ದಿನ ಪ್ರೆಸ್ಬಿಟರಿಯ ಅತಿಥಿಗಳ ಎದುರಿಗೆ ಓದಿದಳು. ರುಕ್ಮವ್ವ ಹೊಸ ಇಳಕಲ್ ಸೀರೆ ಉಟ್ಟು ಮೂರನೆಯ ಸಾಲಿನಲ್ಲಿ ಕೂತಿದ್ದಳು, ಅಕ್ಕಪಕ್ಕದವರಿಗೆ "ನನ್ನ ಮೊಮ್ಮಗಳು" ಎನ್ನುತ್ತ. ಕೊನೆಯ ಪುಟಕ್ಕೆ ಬಂದಾಗ ಭಾಗ್ಯಶ್ರೀಯ ದನಿ ಸಣ್ಣದಾಯಿತು.

"ಈ ಸಭೆ ಹೊರಗಿಟ್ಟವರಲ್ಲಿ ಒಬ್ಬಳು ನನ್ನ ತಾಯಿ ಸವಿತಾ. ನಡಾವಳಿಯ ಪ್ರಕಾರ ಅವಳು ಮೇಜಿಗೆ ಮರಳದೆಯೇ ತೀರಿಕೊಂಡಳು."

"ಏನಂದಿ?" ರುಕ್ಮವ್ವ ಎದ್ದು ನಿಂತಳು. "ಯಾವಕಿ ಹೇಳಿದ್ಲು? ನನ್ನ ಮಗಳು ಉಂಡು ಹೋಗ್ಯಾಳ! ಯಮನೂರಾ, ಹೇಳೋ ತಮ್ಮಾ, ನೀನ ಅಲ್ಲೇನೋ ಬಾಯಾಗ ಇಟ್ಟಾಂವ!"

ಅತಿಥಿಗಳು ಒಬ್ಬರ ಮುಖ ಒಬ್ಬರು ನೋಡಿದರು. "ಅಜ್ಜಿ, ಕೂತ್ಕೊಳ್ಳಿ, ಆಮೇಲೆ ಮಾತಾಡೋಣ" ಎಂದು ಯಾರೋ ಭುಜ ಹಿಡಿದು ಕೂರಿಸಿದರು. ಭಾಗ್ಯಶ್ರೀ ಮೈಕಿನ ಮುಂದೆ ನಿಂತು ಯಮನೂರನನ್ನೇ ನೋಡುತ್ತಿದ್ದಳು. ಅವನು ಹಿರಿಯರ ಸಾಲಿನಲ್ಲಿ ಕೂತಿದ್ದ. ಏಳಬೇಕಿತ್ತು. ಏಳಲಿಲ್ಲ. ಬೂಟಿನ ಲೇಸು ನೋಡುತ್ತ ಕೂತ, ಹೇಡಿ.

ಆ ವಾರ ಯಮನೂರ ಎರಡು ಶಾಫ್ಟು ಕೆಡಿಸಿದ. ಊಟ ಸೇರಲಿಲ್ಲ. ರುಕ್ಮವ್ವನ ಬಾಗಿಲ ಮುಂದೆ ಹಾದು ಹೋಗಬೇಕಾದೀತೆಂದು ಮೂರು ಬೀದಿ ಸುತ್ತು ಹಾಕಿಕೊಂಡು ಕೆಲಸಕ್ಕೆ ಹೋದ. ಶನಿವಾರ ಬೆಳಿಗ್ಗೆ ಶಶಿಕಲಾ ಡಬ್ಬಿ ಕಟ್ಟುತ್ತ ಹೇಳಿದಳು, "ಅವತ್ತ ಆಸ್ಪತ್ರಿಯಿಂದ ಬಂದು ನನ್ನ ಮುಂದ ಎಲ್ಲಾ ಹೇಳೀರಿ. ಹದಿನಾರು ವರ್ಷ ನಾನೂ ಬಾಯಿ ಮುಚ್ಚೀನಿ, ನನಗೂ ಪಾಪ ಐತಿ. ಇನ್ನ ಸಾಕ್ರಿ. ಆ ಮುದುಕಿಗೆ ಹುಚ್ಚ ಅನ್ನಾಕತ್ತಾರ ಮಂದಿ."

ಭಾನುವಾರದ ಸೆಷನ್ನಿನಲ್ಲಿ ಯಮನೂರ ಎದ್ದು ನಿಂತು ಎಲ್ಲವನ್ನೂ ಹೇಳಿದ. ಬನ್ನು, ಸವಿತಾ ಆಡಿದ ಮಾತು, ಶೀಟಿನ ಮೀಟಿಂಗು, ಭಾಗ್ಯಶ್ರೀಗೆ ಹೇಳಿದ ಸುಳ್ಳು, ಒಂದನ್ನೂ ಬಿಡಲಿಲ್ಲ. ಹೇಳುವಾಗ ಅತ್ತ. ಅತ್ತ ಮೇಲೆ ಹಗುರಾದ. ಇನ್ನೇನು, ನಿಜ ಹೊರಗೆ ಬಂತು, ಪುಸ್ತಕ ಸರಿಹೋಗುತ್ತದೆ, ಹುಡುಗಿಯ ಪ್ರಬಂಧವೂ ಸರಿಹೋಗುತ್ತದೆ ಎಂದುಕೊಂಡ. ಇಪ್ಪತ್ತೊಂದು ವರ್ಷ ನಿಯಮದ ಜೊತೆ ಬಾಳಿದವನು ನಿಯಮವನ್ನೇ ಮರೆತಿದ್ದ.

ಈಗಿನ ಪಾಲಕರು ಅಮರೇಶ್, ಮೂವತ್ತೆರಡರ ತರುಣ. ನಿಯಮಾವಳಿಯ ಪುಸ್ತಕ ತೆರೆದು ಬಹಳ ಹೊತ್ತು ಹುಡುಕಿದರು. "ನೀವು ಹೇಳಿದ್ದು ಒಳ್ಳೇದಾಯ್ತು ಕಾಕಾ" ಎಂದರು. "ಆದ್ರೆ ಕೋರಂ ಇಲ್ದೇ ಮಾಡಿದ್ದನ್ನ ಸೆಷನ್ ಮಾಡಿದ್ದು ಅನ್ನೋಕಾಗಲ್ಲ."

"ಸೆಷನ್ ಹೊರಗಿಟ್ಟಾಕಿನ್ನ ಸೆಷನ್ನ ಒಳಗ ಕರಕೋಬೇಕು" ಎಂದ ಇರಣ್ಣ. ಅವನಿಗೀಗ ಎಪ್ಪತ್ತು. "ಅಯ್ಯನವರೊಬ್ಬರು ಕರಕೊಂಡ್ರ ಆಗೂದಿಲ್ಲ. ಈಗ ಕರಕೊಳ್ಳೋಣಂದ್ರ ಆಕಿ ಇಲ್ಲ. ಸತ್ತವರ ಮ್ಯಾಲ ಸೆಷನ್ನಿಗೆ ಅಧಿಕಾರ ಇಲ್ಲ."

"ನಿನಗ ಗೇಟ್ ಪಾಸ್ ಸಿಗಲಿಲ್ಲ ಇರಣ್ಣಾ. ಅಷ್ಟಕ್ಕ ಕೋರಂ ಇರಲಿಲ್ಲ."

"ಹೌದು, ಸಿಗಲಿಲ್ಲ. ಆದ್ರ ಆ ಭಾನುವಾರ ನಾ ನಿನ್ನ ಬಾಜೂಕ ಕುಂತಿದ್ನಲ್ಲೋ" ಎಂದ ಇರಣ್ಣ. "ಕೇಳಿದ್ರ ನಾನೂ ಹೂಂ ಅಂತಿದ್ನೋ ಏನೋ. ನೀ ಕೇಳಲಿಲ್ಲ."

ಇರಣ್ಣ ನಿಜವಾಗಿ ಹೂಂ ಅನ್ನುತ್ತಿದ್ದನೋ ಇಲ್ಲವೋ, ಯಾರಿಗೆ ಗೊತ್ತು? ಹದಿನಾರು ವರ್ಷ ಯಮನೂರ ಇರಣ್ಣನ ಗುಮ್ಮ ಇಟ್ಟುಕೊಂಡು ತನ್ನನ್ನು ತಾನು ಸಮಾಧಾನ ಮಾಡಿಕೊಂಡಿದ್ದ, ಆ ಗುಮ್ಮನೂ ಹೋದ.

ತೀರ್ಮಾನವನ್ನು ಬರೆಯಬೇಕಾದವನು ಅವನೇ. ಅಮರೇಶ್ ಹೇಳಿದರು, ಅವನು ಬರೆದ: "ಸವಿತಾ ಎಂಬವರಿಗೆ ಕೋರಂ ಇಲ್ಲದೆ ಭೋಜನ ನೀಡಿದ್ದು ನಿಯಮಬಾಹಿರವೆಂದೂ, ಸದರಿಯವರು ಸಭೆಗೆ ಮರಳಿದಂತೆ ಪರಿಗಣಿಸಲಾಗದೆಂದೂ ತೀರ್ಮಾನಿಸಲಾಯಿತು." ಪ್ರೆಸ್ಬಿಟರಿಗೆ ತಿಳಿಸಿದಾಗ, ಸಂಚಿಕೆ ಅಚ್ಚಿಗೆ ಹೋಗುತ್ತಿದೆ, ಆ ವಾಕ್ಯವನ್ನೇ ಬಹುಮಾನಿತ ಪ್ರಬಂಧದ ಕೊನೆಗೆ ಟಿಪ್ಪಣಿಯಾಗಿ ಸೇರಿಸುತ್ತೇವೆ ಎಂದರು. ಭಾಗ್ಯಶ್ರೀ ಪ್ರಬಂಧವನ್ನು ವಾಪಸು ಕೊಡಿ ಎಂದು ಕೇಳಿದಳು. ಬಹುಮಾನ ಘೋಷಣೆಯಾದ ಮೇಲೆ ಅದಕ್ಕೆ ಅವಕಾಶವಿಲ್ಲ ಎಂದು ಉತ್ತರ ಬಂತು. ಸುಮ್ಮನಿದ್ದಿದ್ದರೆ ಅವಳ ತಾಯಿಯ ಬಗ್ಗೆ ಪುಸ್ತಕದಲ್ಲಿ ಒಂದೇ ಸಾಲು ಇರುತ್ತಿತ್ತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಲು ಹೋಗಿ, ಯಮನೂರ ಇನ್ನೊಂದನ್ನು ಸೇರಿಸಿದ.

ರುಕ್ಮವ್ವನ ಮನೆಗೆ ಹೋದ. ಅವಳು ಬಾಗಿಲಲ್ಲಿ ವಾಷರ್ ರಾಶಿಯ ಮುಂದೆ ಕೂತಿದ್ದಳು. ಭಾಗ್ಯಶ್ರೀ ಒಳಗಿನಿಂದ ಬಂದು ನಿಂತಳು, ಕಾಕಾ ಅನ್ನಲಿಲ್ಲ.

"ಹೇಳಿದ್ಯಾ ತಮ್ಮಾ, ಎಲ್ಲಾರ ಮುಂದ?" ರುಕ್ಮವ್ವ ಕೇಳಿದಳು.

"ಹೇಳಿದೆ ಅಕ್ಕಾ."

"ಬರದ್ಯಾ?"

"ಬರದೆ."

"ಏನಂತ ಬರದಿ?"

ಇಲ್ಲೊಂದು ಸುಳ್ಳು ಹೇಳಬಹುದಿತ್ತು. ಅವಳಿಗೆ ಓದು ಬಾರದು. ಯಮನೂರ ಹುಡುಗಿಯ ಕಡೆ ನೋಡಿದ. ಅವಳು ಕಣ್ಣು ಕದಲಿಸಲಿಲ್ಲ. ಅವನು ಬರೆದದ್ದನ್ನು ಬರೆದ ಹಾಗೆಯೇ ಹೇಳಿದ. ರುಕ್ಮವ್ವನಿಗೆ ಅರ್ಥವಾಗಲಿಲ್ಲ.

"ಕೊಟ್ಟಿದ್ದು ಲೆಕ್ಕಕ್ಕಿಲ್ಲ ಅಂತ, ಅಜ್ಜಿ" ಎಂದಳು ಭಾಗ್ಯಶ್ರೀ. "ಅಮ್ಮ ಹೊರಗೇ ಇದ್ದಾಳೆ ಅಂತ."

ರುಕ್ಮವ್ವ ಕತ್ತರಿ ಕೆಳಗಿಟ್ಟಳು. "ನನ್ನ ಮಗಳು ಎಷ್ಟ ಖುಷೀಲೆ ನುಂಗಿದ್ಲೋ ತಮ್ಮಾ" ಎಂದಳು. ಬೈಯಲಿಲ್ಲ. ಯಮನೂರ ನಿಂತೇ ಇದ್ದ, ಬೈಯಲಿ ಎಂದು ಕಾಯುತ್ತ. ಅವಳು ಮತ್ತೆ ಕತ್ತರಿ ತೆಗೆದುಕೊಂಡು ಕೆಲಸಕ್ಕೆ ಹತ್ತಿದಳು.

ಮುಂದಿನ ತಿಂಗಳ ಮೊದಲ ಭಾನುವಾರ ಕರ್ತನ ಭೋಜನ. ಈ ಸಭೆಯಲ್ಲಿ ಜನ ಎದ್ದು ಮುಂದೆ ಹೋಗುವುದಿಲ್ಲ, ಹಿರಿಯರೇ ತಟ್ಟೆ ಹಿಡಿದು ಸಾಲುಸಾಲಿಗೂ ಬರುತ್ತಾರೆ. ಎಡಗಡೆಯ ಸಾಲುಗಳು ಯಮನೂರನವು. ಅಜ್ಜಿ ಮೊಮ್ಮಗಳು ಬರಲಿಕ್ಕಿಲ್ಲ ಎಂದುಕೊಂಡಿದ್ದ. ಬಂದಿದ್ದರು, ಮೂರನೆಯ ಸಾಲು, ಅಂಚಿನಲ್ಲಿ. ಅವನು ತಟ್ಟೆ ಮುಂದೆ ಚಾಚಿದ. ರುಕ್ಮವ್ವ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡಳು.

"ತಗೋ ಅಕ್ಕಾ" ಎಂದ, ಬೇಡುವ ದನಿಯಲ್ಲಿ.

"ಬ್ಯಾಡ ತಮ್ಮಾ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ನೀ ಆಕಿಗೆ ಕೊಟ್ಟಿದ್ದ ರೊಟ್ಟಿ ಅಲ್ಲಂದ್ರ, ನನಗ ಕೊಡೂದು ಹ್ಯಾಂಗ ರೊಟ್ಟಿ ಆಗತೈತಿ? ಆಕಿ ಹೊರಗ ಅದಾಳ. ಆಕಿ ಕೂಡ ನಾನೂ ಇರ್ತೀನಿ."

ತಟ್ಟೆ ಭಾಗ್ಯಶ್ರೀಯ ಕಡೆ ತಿರುಗಿತು. ಅವಳು ತಲೆ ಅಲ್ಲಾಡಿಸಿದಳು. ಹಿಂದಿನ ಸಾಲಿನವರು ಕಾಯುತ್ತಿದ್ದರು. ಯಮನೂರ ಕಣ್ಣೊರೆಸಿಕೊಳ್ಳಲು ಕೈ ಬಿಡುವಿಲ್ಲದೆ, ಹಾಗೆಯೇ ನಾಲ್ಕನೆಯ ಸಾಲಿಗೆ ಹೋದ.